ಸುಮ್ಮನಿರುವ ಕಲೆ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬುದು ಹಿರಿಯರ ಎಚ್ಚರಿಕೆ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಯ ಮಟ್ಟಕ್ಕೇರಿಸಿದ ಈ ನಾಡಿನಲ್ಲಿ ಸೋಮಾರಿಗೆ ಮನ್ನಣೆ ದೊರೆಯದಿರುವುದು ಸಹಜವೇ. ಆದರೆ ಸುಮ್ಮನೆ ಕುಳಿತವರೆಲ್ಲರೂ ಸೋಮಾರಿಗಳೇ? ಈ ಪ್ರಶ್ನೆಗೆ ಉತ್ತರವನ್ನು ತುಂಗಭದ್ರೆಯ ದಡದಲ್ಲಿ ಹುಡುಕಬಹುದು.

ಸಂಜೆ ಹಂಪೆಯ ಹೇಮಕೂಟವನ್ನೇರಿದರೆ, ದೂರದೇಶಗಳಿಂದ ಬಂದವರು ಬಂಡೆಗಳ ಮೇಲೆ ಬಹಳ ಹೊತ್ತು ಕುಳಿತು ಸೂರ್ಯಾಸ್ತವನ್ನು ನೋಡುವುದು ಕಾಣುತ್ತದೆ. ಅವರನ್ನು ಯಾರೂ ಸೋಮಾರಿಗಳೆನ್ನುವುದಿಲ್ಲ. ಪ್ರವಾಸಿಗರು, ರಸಿಕರು ಎನ್ನುತ್ತಾರೆ. ಕೆಳಗೆ ಹೊಳೆಯ ದಡದಲ್ಲಿ ಹರಿಗೋಲಿಗೆ ಒರಗಿ ಅದೇ ಸೂರ್ಯನನ್ನು ನೋಡುತ್ತ ಕುಳಿತ ಅಂಬಿಗನನ್ನು ಕಂಡರೆ ಮಾತ್ರ 'ಕೆಲಸವಿಲ್ಲದವನು' ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಬೆಳಗಿನಿಂದ ಹುಟ್ಟು ಹಾಕಿ ಸೋತ ಅವನ ತೋಳುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೇ ವಿರಾಮಕ್ಕೆ ಸಮಾಜ ಎರಡು ಹೆಸರಿಟ್ಟಿದೆ. ಆ ಹೆಸರನ್ನು ನಿರ್ಧರಿಸುವುದು ಕುಳಿತವನ ಕಿಸೆ.

ವಿಠಲ ದೇವಾಲಯಕ್ಕೆ ಸಮೀಪದಲ್ಲಿ, ನದಿಯ ಅಂಚಿನಲ್ಲಿ ಪುರಂದರ ಮಂಟಪವಿದೆ. ಪುರಂದರದಾಸರು ಅಲ್ಲಿ ಕುಳಿತು ಹಾಡುತ್ತಿದ್ದರೆಂದು ಪ್ರತೀತಿ. ಮೊದಲು ಅವರು ಸಿರಿವಂತ ವರ್ತಕರಾಗಿದ್ದರೆಂದು ಸಂಪ್ರದಾಯ ಹೇಳುತ್ತದೆ. ಅಂಗಡಿಯ ಲೆಕ್ಕವನ್ನು ಬಿಟ್ಟು ತಂಬೂರಿ ಹಿಡಿದವರು ಅಂದಿನ ವ್ಯಾಪಾರಿಗಳಿಗೆ ಕೆಲಸಗೇಡಿಯಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ಆದರೆ ಕರ್ನಾಟಕ ಸಂಗೀತವನ್ನು ಕಲಿಯುವ ಮಕ್ಕಳು ಇಂದಿಗೂ ಅವರು ಹಾಕಿಕೊಟ್ಟರೆನ್ನಲಾದ ಸರಳೆಗಳಿಂದಲೇ ಪಾಠವನ್ನು ಆರಂಭಿಸುತ್ತಾರೆ.

ಕೆಲವು ಬಿಡುವುಗಳ ಫಲ ತಡವಾಗಿ ಕಾಣುತ್ತದೆ. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟೆಯ ಹಿಂದೆ ನಿಂತ ನೀರೂ ನೋಡುವವರಿಗೆ ಏನನ್ನೂ ಮಾಡದಂತೆ ತೋರುತ್ತದೆ. ಆ ನೀರೇ ಕಾಲುವೆಗಳಲ್ಲಿ ಹರಿದು ಕಂಪ್ಲಿಯ ಕಡೆಯ ಗದ್ದೆಗಳಲ್ಲಿ ಭತ್ತವಾಗುತ್ತದೆ. 2024ರ ಆಗಸ್ಟ್ ತಿಂಗಳಲ್ಲಿ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋಯಿತು. ಆಗ ರೈತರು ಮರುಗಿದ್ದು ರಭಸದಿಂದ ಓಡುವ ನೀರನ್ನು ಕಂಡು. ನಿಲ್ಲಬೇಕಾದ ಹೊತ್ತಿನಲ್ಲಿ ನಿಲ್ಲುವುದೂ ಒಂದು ಕೆಲಸವೇ.

ಬಲವಂತದ ಬಿಡುವಿನ ಕಥೆ ಬೇರೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಗೆ ತಡೆಯೊಡ್ಡಿದಾಗ, ಬಗೆದು ಗಾಯಗೊಂಡಿದ್ದ ಸಂಡೂರಿನ ಬೆಟ್ಟಗಳಿಗೆ ಕೆಲಕಾಲ ವಿಶ್ರಾಂತಿ ದೊರೆಯಿತು. ಅದಿರನ್ನು ಅಗೆದವರ, ಲಾರಿ ಓಡಿಸಿದವರ ಕೈಗಳೂ ಖಾಲಿಯಾದವು. ಬೆಟ್ಟಕ್ಕೆ ದೊರೆತದ್ದು ಬಿಡುವು. ಇವರಿಗೆ ಬಂದದ್ದು ನಿರುದ್ಯೋಗ. ನಾಳಿನ ಅನ್ನದ ಚಿಂತೆಯಿರುವವನು ಕುಳಿತರೂ ಅವನ ಮನಸ್ಸು ಕುಳಿತುಕೊಳ್ಳದು.

ತನ್ನ ಹೊರೆಯನ್ನು ಇನ್ನೊಬ್ಬರ ಹೆಗಲಿಗೇರಿಸಿ ಮಲಗುವವನು ಸೋಮಾರಿ. ತನ್ನ ಪಾಲಿನ ದುಡಿಮೆಯನ್ನು ಮುಗಿಸಿ ಹೊಳೆಯ ದಡದಲ್ಲಿ ಕುಳಿತವನಿಗೆ ಆ ಹೆಸರು ಸಲ್ಲದು. ಹಂಪೆಗೆ ಹೋದವರು ಆ ಅಂಬಿಗನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ನೋಡಲಿ. ಬೆಟ್ಟದ ಮೇಲಿನವರಿಗೆ ಕಂಡ ಸೂರ್ಯನೇ ಅಲ್ಲಿಯೂ ಮುಳುಗುತ್ತಿರುತ್ತಾನೆ.