ದೆಹಲಿ ಚಳಿ, ಎಣ್ಣೆ ಹೀಟರ್ ಮತ್ತು ಒಂದು ಡಬ್ಬಿ ಕೆಂಡ

ಮುಂಬೈ, ಚೆನ್ನೈಗಳಲ್ಲಿರುವ ಗೆಳೆಯರಿಗೆ ದೆಹಲಿಯ ಚಳಿಯ ಬಗ್ಗೆ ಹೇಳಿದರೆ ಅವರು ನಂಬುವುದು ಅರ್ಧ ಮಾತ್ರ. "ನಿಮಗೇನು ಮಾರಾಯ, ಸ್ವೆಟರ್ ಹಾಕಿಕೊಂಡು ಕಡಲೇಕಾಯಿ ತಿಂತಾ ಬಿಸಿಲು ಕಾಯಿಸ್ತೀರಿ. ನಮಗೆ ವರ್ಷಪೂರ್ತಿ ಬೆವರು" ಎನ್ನುತ್ತಾರೆ. ನವೆಂಬರ್ ತಿಂಗಳಿಗೆ ಈ ಮಾತು ಸರಿ. ಡಿಸೆಂಬರ್ ಕೊನೆಯ ವಾರದಿಂದ ಜನವರಿ ಕಳೆಯುವವರೆಗಿನ ಕತೆ ಬೇರೆ. 2019ರ ಡಿಸೆಂಬರ್ 30ರಂದು ಸಫ್ದರ್‌ಜಂಗ್‌ನಲ್ಲಿ ಹಗಲಿನ ಗರಿಷ್ಠ ಉಷ್ಣಾಂಶವೇ 9.4 ಡಿಗ್ರಿ ಇತ್ತು. 2021ರ ಹೊಸವರ್ಷದ ಬೆಳಗ್ಗೆ ಕನಿಷ್ಠ 1.1 ಡಿಗ್ರಿಗೆ ಇಳಿಯಿತು. ಹೋಲಿಕೆಗೆ ಹೇಳುವುದಾದರೆ, ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದೂ 1884ರ ಜನವರಿಯಲ್ಲಿ.

ಹೊರಗಿನ ಚಳಿಯನ್ನಾದರೂ ಕೋಟು, ಮಂಕಿ ಕ್ಯಾಪು ಹಾಕಿ ಎದುರಿಸಬಹುದು. ಕಷ್ಟ ಇರುವುದು ಮನೆಯೊಳಗೆ. ದೆಹಲಿಯ ಮನೆಗಳನ್ನು ಕಟ್ಟುವವರು ಯೋಚಿಸುವುದು ಮೇ ಜೂನ್ ತಿಂಗಳ ಬಿಸಿಲನ್ನು. ಕಲ್ಲಿನ ಅಥವಾ ಟೈಲ್ಸಿನ ನೆಲ, ತೆಳ್ಳಗಿನ ಇಟ್ಟಿಗೆ ಗೋಡೆ, ಸರಿಯಾಗಿ ಮುಚ್ಚಿಕೊಳ್ಳದ ಕಿಟಕಿ. ನೆಲಮಹಡಿಯ ಫ್ಲ್ಯಾಟ್ ಆದರೆ ಚಳಿಗಾಲದಲ್ಲಿ ಬಿಸಿಲು ಒಳಗೆ ಕಾಲಿಡುವುದೇ ಇಲ್ಲ. ಎಷ್ಟೋ ದಿನ ಮನೆಯೊಳಗಿಗಿಂತ ಹೊರಗಿನ ಪಾರ್ಕಿನ ಬೆಂಚೇ ಬೆಚ್ಚಗಿರುತ್ತದೆ.

ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಇಂಥ ಒಂದು ನೆಲಮಹಡಿಯ ಫ್ಲ್ಯಾಟಿಗೆ ಕರೆದುಕೊಂಡು ಬಂದೆ. ಸಾಗರದ ಹತ್ತಿರದ ಹಳ್ಳಿಯವರು. ವಯಸ್ಸು ಎಪ್ಪತ್ತಾರು, ಜೊತೆಗೆ ಹಳೆಯ ಉಬ್ಬಸ. ಇಲ್ಲಿನ ಡಾಕ್ಟರು ಅವರ ಎದೆ ಪರೀಕ್ಷಿಸಿ, ಮಾತ್ರೆ ಬರೆಯುವ ಮೊದಲೇ ಕೇಳಿದ ಪ್ರಶ್ನೆ, "ಇವರ ರೂಮು ರಾತ್ರಿ ಎಷ್ಟು ಬೆಚ್ಚಗಿರುತ್ತೆ?" ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಯಸ್ಸಾದವರು, ಉಸಿರಾಟದ ತೊಂದರೆ ಇರುವವರಿಗೆ ಇನ್ನೂ ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದು. ಮನೆಗೆ ಬಂದು ಅಮ್ಮನ ಕೋಣೆಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ. ರಾತ್ರಿ ಹತ್ತಕ್ಕೆ 11 ಡಿಗ್ರಿ.

"ಒಂದು ಅಗ್ಗಿಷ್ಟಿಕೆ ತಂದು ನಾಲ್ಕು ಕೆಂಡ ಹಾಕಿಟ್ಟರೆ ಸಾಕಪ್ಪ. ಇದಕ್ಕೆಲ್ಲ ದುಡ್ಡು ಯಾಕೆ ಸುರೀತೀಯ?" ಎಂದರು ಅಮ್ಮ. ಅವರ ಲೆಕ್ಕದಲ್ಲಿ ಅದು ಸರಿಯೇ. ಮಲೆನಾಡಿನ ಮಳೆಗಾಲವನ್ನು ಬಚ್ಚಲೊಲೆಯ ಮುಂದೆ ಕೂತು ಕಳೆದ ಜೀವ. ಬಾಣಂತಿ ಕೋಣೆಗೆ ಕೆಂಡ, ಒದ್ದೆ ಬಟ್ಟೆ ಒಣಗಿಸಲು ಕೆಂಡ, ಕೂಸಿಗೆ ನೆಗಡಿಯಾದರೂ ಕೆಂಡ. ನಾನು ಬೇಡ ಎಂದಾಗ ಅವರಿಗೆ ಸ್ವಲ್ಪ ಬೇಸರವೇ ಆಯಿತು.

ಕೊನೆಗೆ ಹನ್ನೊಂದು ಪಟ್ಟಿಯ, 2500 ವ್ಯಾಟ್‌ನ ಆಯಿಲ್ ಹೀಟರ್ ಬಂತು. ಬೆಲೆ ಹನ್ನೊಂದು ಸಾವಿರ. ಅಮ್ಮ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ದಿನಕ್ಕೆ ಎಷ್ಟು ಎಣ್ಣೆ ಕುಡಿಯುತ್ತೆ ಇದು?" ಎಂದು ಕೇಳಿದರು. ಇದು ಅಮ್ಮನೊಬ್ಬರ ಪ್ರಶ್ನೆಯಲ್ಲ. ಕರ್ನಾಟಕ ಸಂಘದ ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ ಹೀಟರ್ ಮಾತು ಬಂದರೆ, ಎಂಜಿನಿಯರ್ ಆದವರೂ "ಎಣ್ಣೆ ಬದಲಾಯಿಸಬೇಕಾ?" ಎಂದು ಕೇಳುವುದುಂಟು. ಬದಲಾಯಿಸಬೇಕಾಗಿಲ್ಲ. ಎಣ್ಣೆಯನ್ನು ಒಳಗೆ ತುಂಬಿ ಸೀಲ್ ಮಾಡಿರುತ್ತಾರೆ. ಅದು ಉರಿಯುವುದಿಲ್ಲ, ಖರ್ಚಾಗುವುದೂ ಇಲ್ಲ. ಒಳಗಿನ ಕಾಯಿಲ್ ವಿದ್ಯುತ್ತಿನಿಂದ ಕಾಯುತ್ತದೆ, ಎಣ್ಣೆ ಆ ಬಿಸಿಯನ್ನು ಪಟ್ಟಿಗಳಿಗೆಲ್ಲ ಹಂಚುತ್ತದೆ. ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಉಳಿಯುತ್ತದೆ. ಬ್ಲೋಯರ್‌ನಂತೆ ಸದ್ದಿಲ್ಲ, ಬಿಸಿಗಾಳಿ ಮುಖಕ್ಕೆ ಬಡಿಯುವುದಿಲ್ಲ. ಉಬ್ಬಸದವರಿಗೆ ಇದೊಂದು ದೊಡ್ಡ ಅನುಕೂಲ.

ಆದರೆ "ಆಯಿಲ್ ಹೀಟರ್ ಕರೆಂಟ್ ಉಳಿಸುತ್ತೆ" ಎಂದು ಅಂಗಡಿಯವನು ಹೇಳಿದ್ದು ಪೂರ್ತಿ ನಿಜವಲ್ಲ. ಕಾಯಿಲ್ ಇರುವ ಯಾವ ಹೀಟರೇ ಆಗಲಿ, ಒಂದು ಯೂನಿಟ್ ವಿದ್ಯುತ್ತಿಗೆ ಕೊಡುವ ಶಾಖ ಒಂದೇ. ಎಣ್ಣೆ ಇದ್ದ ಮಾತ್ರಕ್ಕೆ ಅದು ಹೆಚ್ಚುವುದಿಲ್ಲ. ಉಳಿತಾಯ ಆಗುವುದು ಥರ್ಮೋಸ್ಟಾಟ್‌ನಿಂದ, ಮತ್ತು ಕಿಟಕಿಯ ಸಂದಿ ಮುಚ್ಚುವುದರಿಂದ. ನಿಜವಾಗಿ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಶಾಖ ಕೊಡುವುದು ಹಾಟ್ ಅಂಡ್ ಕೋಲ್ಡ್ ಎ.ಸಿ. ಅದು ಶಾಖವನ್ನು ಹೊಸದಾಗಿ ಹುಟ್ಟಿಸುವ ಬದಲು ಹೊರಗಿನ ಗಾಳಿಯಿಂದ ಒಳಗೆ ಸಾಗಿಸುತ್ತದೆ. ಹಾಗಾಗಿ ಅದೇ ವಿದ್ಯುತ್ತಿಗೆ ಎರಡು ಮೂರು ಪಟ್ಟು ಶಾಖ ಸಿಗುತ್ತದೆ. ಕೊಳ್ಳುವಾಗಿನ ಬೆಲೆ ಮಾತ್ರ ಜಾಸ್ತಿ.

ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಪೂರ್ತಿ ಉರಿದರೆ 22 ಯೂನಿಟ್ ಆಗಬೇಕು. ಥರ್ಮೋಸ್ಟಾಟ್ ನಡುವೆ ಆರಿಸಿ ಹೊತ್ತಿಸುವುದರಿಂದ ಮೀಟರ್ ತೋರಿಸುವುದು ಒಂಬತ್ತು ಯೂನಿಟ್ ಆಸುಪಾಸು. ತಿಂಗಳಿಗೆ 280. ಇನ್ನುಳಿದ ಮನೆಬಳಕೆ 180. ದೆಹಲಿಯಲ್ಲಿ 2019ರಿಂದ 200 ಯೂನಿಟ್‌ವರೆಗೆ ಬಿಲ್ ಸೊನ್ನೆ. 400ರವರೆಗೆ ಅರ್ಧ, ಅದಕ್ಕೂ 800 ರೂಪಾಯಿಯ ಮಿತಿ. 400 ದಾಟಿದ ಕೂಡಲೇ ಸಬ್ಸಿಡಿ ಪೂರ್ತಿ ಹೋಗುತ್ತದೆ. ನವೆಂಬರ್‌ನಲ್ಲಿ ಸೊನ್ನೆ ಬಿಲ್ ಬಂದ ಮನೆಗೆ ಜನವರಿಯಲ್ಲಿ ಸುಮಾರು ಮೂರು ಸಾವಿರ ಬರುವುದು ಹೀಗೆ. ಸಬ್‌ಮೀಟರ್ ಇಟ್ಟು ತಮಗೆ ತೋಚಿದ ದರ ವಸೂಲು ಮಾಡುವ ಮಾಲೀಕರ ಬಾಡಿಗೆದಾರರಾದರೆ ಇನ್ನೂ ಹೆಚ್ಚು.

ಅಪಾಯಗಳೂ ಇವೆ. 2500 ವ್ಯಾಟ್ ಎಂದರೆ ಹತ್ತಿರ ಹತ್ತಿರ 11 ಆಂಪಿಯರ್. ಮಾಮೂಲಿ 6 ಆಂಪಿಯರ್ ಪ್ಲಗ್‌ಗೆ, ಎಕ್ಸ್‌ಟೆನ್ಷನ್ ಬೋರ್ಡಿಗೆ ಇದನ್ನು ಹಚ್ಚಿದರೆ ಮೊದಲು ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಆಮೇಲೆ ಹೊಗೆ. ನೇರವಾಗಿ ಗೋಡೆಯ 16 ಆಂಪಿಯರ್ ಪ್ಲಗ್‌ಗೇ ಹಾಕಬೇಕು. ದೆಹಲಿಯಲ್ಲಿ ಬಿಸಿಲು ಕಾಣದ ವಾರಗಳಲ್ಲಿ ಒದ್ದೆ ಬಟ್ಟೆಯನ್ನು ಹೀಟರ್ ಮೇಲೆ ಹರಡುವ ಅಭ್ಯಾಸ ಮನೆಮನೆಯಲ್ಲಿದೆ. ಹಾಗೆ ಮಾಡಲೇಬಾರದು. ರಜಾಯಿ, ಪರದೆ ಮೂರಡಿ ದೂರ ಇರಬೇಕು.

ನನ್ನ ತಮ್ಮ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದಾನೆ. ಅವನ ಮನೆಯನ್ನೂ ಎಣ್ಣೆಯೇ ಬೆಚ್ಚಗಿಡುವುದು ಎಂದು ಕೇಳಿ ಅಮ್ಮನಿಗೆ ಖುಷಿ. "ಹಾಗಾದರೆ ನಮ್ಮಂಥದ್ದೇ" ಎಂದರು. ಅವನು ವಿಡಿಯೋ ಕಾಲ್‌ನಲ್ಲಿ ನೆಲಮಾಳಿಗೆಗೆ ಇಳಿದು ಟ್ಯಾಂಕ್ ತೋರಿಸಿದ. 275 ಗ್ಯಾಲನ್, ಅಂದರೆ ಸಾವಿರ ಲೀಟರಿಗೂ ಸ್ವಲ್ಪ ಹೆಚ್ಚು. ಸೊಸೈಟಿಗೆ ಸೀಮೆಎಣ್ಣೆ ಬರುತ್ತಿದ್ದ 200 ಲೀಟರಿನ ಡ್ರಮ್ ಅಮ್ಮನ ಅಳತೆಗೋಲು. "ಐದು ಡ್ರಮ್ಮು! ಮನೆ ಕೆಳಗೆ ಇಟ್ಟುಕೊಂಡು ಅದರ ಮೇಲೆ ಮಲಗ್ತೀರಾ?" ಎಂದು ಗಾಬರಿಯಾದರು.

ಅಲ್ಲಿಯ ಎಣ್ಣೆ ನಿಜವಾಗಿಯೂ ಉರಿಯುತ್ತದೆ. ಹೆಚ್ಚುಕಡಿಮೆ ಡೀಸೆಲ್ಲೇ, ತೆರಿಗೆಯ ಲೆಕ್ಕಕ್ಕೆ ಕೆಂಪು ಬಣ್ಣ ಹಾಕಿರುತ್ತಾರೆ ಅಷ್ಟೆ. ಚಳಿಗಾಲಕ್ಕೆ ಎರಡು ಮೂರು ಸಲ ಟ್ಯಾಂಕ್ ತುಂಬಿಸಬೇಕು. ಉಕ್ರೇನ್ ಯುದ್ಧ ಶುರುವಾದ 2022ರಲ್ಲಿ ಗ್ಯಾಲನ್‌ಗೆ 5 ಡಾಲರ್ ದಾಟಿತ್ತು. ಒಂದು ಸಲ ಟ್ಯಾಂಕ್ ತುಂಬಿಸಲು ಸಾವಿರಕ್ಕೂ ಹೆಚ್ಚು ಡಾಲರ್. ನಡುರಾತ್ರಿ ಎಣ್ಣೆ ಮುಗಿದರೆ ಚಳಿಯ ಜೊತೆಗೆ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುವ ಭಯ. ಹಳೆಯ ಟ್ಯಾಂಕ್ ತುಕ್ಕು ಹಿಡಿದು ಸೋರಿದರೆ ಮಣ್ಣನ್ನೇ ಅಗೆದು ತೆಗೆಸಬೇಕು, ಅದಕ್ಕೆ ಮಾಮೂಲಿ ವಿಮೆ ಸಾಮಾನ್ಯವಾಗಿ ಸಾಲುವುದಿಲ್ಲ. ತಮ್ಮ ಕೊನೆಗೆ ಗೋಡೆಯ ಮೇಲಿನ ಸಣ್ಣ ಬಿಳಿ ಡಬ್ಬಿಯೊಂದನ್ನು ತೋರಿಸಿದ. ಕಾರ್ಬನ್ ಮಾನಾಕ್ಸೈಡ್ ಅಲಾರಂ. ಆ ರಾಜ್ಯದಲ್ಲಿ 2006ರಿಂದ ಇದು ಮನೆಗಳಿಗೆ ಕಡ್ಡಾಯ. "ಹೊಗೆಕೊಳವೆ ಕಟ್ಟಿಕೊಂಡರೆ ಇದು ಕೂಗುತ್ತೆ. ಇಲ್ಲದಿದ್ದರೆ ನಮಗೆ ಗೊತ್ತೇ ಆಗಲ್ಲ ಅಮ್ಮ" ಎಂದ.

ಗೊತ್ತೇ ಆಗದಿರುವುದು ಹೇಗೆ ಎಂದು ಅಮ್ಮನಿಗೆ ಅರ್ಥವಾದದ್ದು ಹೋದ ವರ್ಷದ ಜನವರಿಯಲ್ಲಿ.

ನಮ್ಮದು ನಲವತ್ತು ಮನೆಗಳ ಸೊಸೈಟಿ. ಗೇಟಿನ ಪಕ್ಕ ತಗಡು ಮತ್ತು ಗಾಜಿನ ಪುಟ್ಟ ಕೋಣೆ, ಅದರಲ್ಲಿ ರಾತ್ರಿಪಾಳಿಗೆ ಇಬ್ಬರು ಗಾರ್ಡ್. ಇಬ್ಬರೂ ಬಿಹಾರದವರು. ಚಿಕ್ಕವನಿಗೆ ಇಪ್ಪತ್ತೆರಡು ಇರಬಹುದು. ಅಮ್ಮ ಅವನನ್ನು ಕನ್ನಡದಲ್ಲೇ "ತಮ್ಮಾ" ಎಂದು ಕರೆದು ಬೆಳಗ್ಗೆ ಕಾಫಿ ಕೊಡುತ್ತಿದ್ದರು. ಅವನು "ಅಮ್ಮಾಜಿ" ಎನ್ನುತ್ತಿದ್ದ. ಭಾಷೆ ಬಾರದಿದ್ದರೂ ಇಬ್ಬರ ಮಾತುಕತೆಗೆ ಏನೂ ಅಡ್ಡಿ ಇರಲಿಲ್ಲ. ಆ ರಾತ್ರಿ ಮಂಜು ವಿಪರೀತ. ಇಬ್ಬರೂ ಹಳೆಯ ಪೇಂಟ್ ಡಬ್ಬಿಯಲ್ಲಿ ಇದ್ದಿಲು ಹೊತ್ತಿಸಿ, ಹೊಗೆ ಪೂರ್ತಿ ಹೋಗುವವರೆಗೂ ಹೊರಗಿಟ್ಟು, ಬರೀ ಕೆಂಡವಾದ ಮೇಲೆ ಒಳಗೆ ತಂದು ಬಾಗಿಲು ಹಾಕಿಕೊಂಡಿದ್ದಾರೆ. ಗಾಜಿನ ಸಂದಿಗೆ ಪೇಪರ್ ತುರುಕಿದ್ದರು.

ಬೆಳಗ್ಗೆ ಐದೂವರೆಗೆ ಹಾಲಿನವನು ಎಷ್ಟು ಬಡಿದರೂ ಗೇಟು ತೆಗೆಯಲಿಲ್ಲ. ಅವನ ಕೂಗಿಗೆ ನಾವು ನಾಲ್ಕೈದು ಜನ ಓಡಿದೆವು. ದೊಡ್ಡವನು ವಾಂತಿ ಮಾಡಿಕೊಂಡು ಕುರ್ಚಿಯಲ್ಲಿ ವಾಲಿದ್ದ. ಚಿಕ್ಕವನು ನೆಲದ ಮೇಲೆ, ಎಬ್ಬಿಸಿದರೆ ಎಚ್ಚರವಿಲ್ಲ. ಹೊರಗೆ ಎಳೆದು ಮಲಗಿಸಿದೆವು. ಯಾರೋ ಮನೆಯಿಂದ ಕೋವಿಡ್ ಕಾಲದ ಆಕ್ಸಿಮೀಟರ್ ತಂದು ಬೆರಳಿಗೆ ಹಾಕಿದರು. 98 ತೋರಿಸಿತು. "ಆಕ್ಸಿಜನ್ ಸರಿಯಾಗಿದೆ, ಚಳಿಗೆ ಮರಗಟ್ಟಿದ್ದಾನೆ, ಚಹಾ ಕುಡಿಸಿ" ಎಂದರು. ಮೂರನೇ ಮಹಡಿಯ ಮಲಯಾಳಿ ನರ್ಸ್ ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದವರು ಡಬ್ಬಿ ನೋಡಿದ್ದೇ ಕಿರುಚಿದರು, "ಆ ಮೆಷಿನ್ ನಂಬಬೇಡಿ, ಮೊದಲು ಆಸ್ಪತ್ರೆಗೆ ಒಯ್ಯಿರಿ!"

ಕಾರಣ ಆಮೇಲೆ ತಿಳಿಯಿತು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮನೆಯಲ್ಲಿಡುವ ಆಕ್ಸಿಮೀಟರ್‌ಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ಉಸಿರುಗಟ್ಟುತ್ತಿರುವವನಿಗೂ 98 ತೋರಿಸುತ್ತದೆ. ಹೊಗೆ ಹೋದ ಕೆಂಡ ನಿರಪಾಯ ಎಂಬ ನಂಬಿಕೆಯೂ ಸುಳ್ಳು. ಗಾಳಿಯಾಡದ ಕೋಣೆಯಲ್ಲಿ ಈ ಅನಿಲವನ್ನು ಧಾರಾಳವಾಗಿ ಬಿಡುವುದು ಆ ಕೆಂಪು ಕೆಂಡವೇ.

ಆಸ್ಪತ್ರೆಯಲ್ಲಿ ಗಂಟೆಗಟ್ಟಲೆ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ದೊಡ್ಡವನು ಸಂಜೆಗೆ ಎದ್ದು ಕೂತ. ಚಿಕ್ಕವನು ಬಿಡುಗಡೆಯಾಗಲು ಮೂರು ದಿನ ಹಿಡಿಯಿತು. ವಾರಗಟ್ಟಲೆ ಅವನಿಗೆ ತಲೆನೋವು, ಮರೆವು. ಅಮ್ಮ ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡು ಎಲ್ಲೋ ನೋಡುತ್ತಿದ್ದ.

"ನಮ್ಮ ಮನೇಲಿ ಅಷ್ಟು ವರ್ಷ ಕೆಂಡ ಇಟ್ಟಿದ್ದೇವಲ್ಲೋ, ಯಾರಿಗೂ ಏನೂ ಆಗಲಿಲ್ಲ" ಎಂದರು ಅಮ್ಮ. ನಿಜ. ಊರಿನದು ಹೆಂಚಿನ ಮನೆ. ಹೆಂಚಿನ ಸಂದಿ, ಗವಾಕ್ಷಿ, ಮುಚ್ಚದ ಅಡುಗೆಮನೆ ಬಾಗಿಲು, ಎಲ್ಲ ಕಡೆಯಿಂದ ಗಾಳಿ. ಕೆಂಡ ಅದೇ, ಸುತ್ತಲಿನ ಗೋಡೆ ಬೇರೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಮನೆ ಸೋರುತ್ತೆ ಅಂತ ನಿಮ್ಮಪ್ಪನಿಗೆ ಎಷ್ಟು ಬೈದಿದ್ದೆ" ಎಂದರು.

ಸೊಸೈಟಿಯ ಸಮಿತಿ ಮಾಡಿದ ಮೊದಲ ಕೆಲಸ ಒಂದು ನೋಟಿಸ್ ಅಂಟಿಸಿದ್ದು: ಗೇಟಿನಲ್ಲಿ ಇದ್ದಿಲು ಉರಿಸುವಂತಿಲ್ಲ. ಹೀಟರ್ ಕೊಡುವ ಮಾತೇ ಇಲ್ಲ. "ರಾತ್ರಿಯೆಲ್ಲ ಹಾಕಿಕೊಂಡು ನಿದ್ದೆ ಹೊಡೀತಾರೆ, ಬಿಲ್ ಯಾರು ಕಟ್ಟೋದು?" ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ನಾನು ಲೆಕ್ಕ ಬರೆದುಕೊಂಡು ಹೋಗಿದ್ದೆ. 800 ವ್ಯಾಟ್‌ನ ಕ್ವಾರ್ಟ್ಜ್ ಹೀಟರ್ ಹತ್ತು ಗಂಟೆ ಉರಿದರೆ 8 ಯೂನಿಟ್. ಯೂನಿಟ್‌ಗೆ 10 ರೂಪಾಯಿ ಎಂದೇ ಹಿಡಿಯಿರಿ, ರಾತ್ರಿಗೆ 80. ನಲವತ್ತು ಮನೆಗೆ ಹಂಚಿದರೆ ತಲಾ ಎರಡು ರೂಪಾಯಿ. ಅರುವತ್ತು ರಾತ್ರಿಯ ಚಳಿಗೆ ಮನೆಗೆ 120 ರೂಪಾಯಿ. ದೆಹಲಿಯ ವಾಯುಮಾಲಿನ್ಯ ತಡೆಯ ಗ್ರಾಪ್ ನಿಯಮಗಳಲ್ಲೂ ಗಾರ್ಡ್‌ಗಳಿಗೆ ನಿವಾಸಿಗಳ ಸಂಘವೇ ವಿದ್ಯುತ್ ಹೀಟರ್ ಕೊಡಬೇಕು ಎಂದಿದೆ. ಬಯಲಲ್ಲಿ ಕಸಕಡ್ಡಿ ಉರಿಸುವುದನ್ನು ತಪ್ಪಿಸಲು ಮಾಡಿದ ನಿಯಮ, ಜೀವ ಉಳಿಸಲೂ ಆಗುತ್ತದೆ. ಇದನ್ನು ಓದಿ ಹೇಳಿದ ಮೇಲೂ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಕೊನೆಗೆ ಒಪ್ಪಿದರು. ಜೊತೆಗೆ ಬಾಗಿಲ ಮೇಲುಗಡೆ ಒಂದು ಗಾಳಿಕಿಂಡಿ ಕೊರೆಸುವುದೆಂದೂ ಆಯಿತು. ಅಮ್ಮ ನಮ್ಮ ಮನೆಯ 120ರ ಜೊತೆ ತಮ್ಮ ಪರ್ಸಿನಿಂದ ಇನ್ನೊಂದು 120 ತೆಗೆದು ಕೊಟ್ಟರು. "ನಾನೂ ಒಂದು ಮನೆ ಅಂತ ಲೆಕ್ಕ ಇಟ್ಟುಕೋ" ಎಂದರು.

ದೆಹಲಿ, ಗುರುಗ್ರಾಮ, ನೋಯ್ಡಾಗಳಿಗೆ ಹೊಸದಾಗಿ ಬರುವ ನಮ್ಮವರು ಹೀಟರ್ ಕೊಳ್ಳುವ ಮೊದಲು ನನಗೆ ಫೋನ್ ಮಾಡುವುದುಂಟು. ಯಾವ ಕಂಪನಿ, ಎಷ್ಟು ಪಟ್ಟಿ ಎಂದು ಕೇಳುತ್ತಾರೆ. ಮೊದಲು ಗೋಡೆಯ ಪ್ಲಗ್ ಮತ್ತು ವೈರಿಂಗ್ ನೋಡಿ, ಕಿಟಕಿಯ ಸಂದಿ ಮುಚ್ಚಿ, ಒಳಗೆ ಏನನ್ನೂ ಉರಿಸಬೇಡಿ ಎನ್ನುತ್ತೇನೆ. ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದರ ಕಿಟಕಿಯನ್ನು ಮಾತ್ರ ಎಷ್ಟೇ ಚಳಿ ಇರಲಿ ಮುಚ್ಚಬೇಡಿ, ಅಲ್ಲಿಯೂ ಇದೇ ಅನಿಲದ ಅಪಾಯ. ಅಲಾರಂ ಆನ್‌ಲೈನ್‌ನಲ್ಲಿ ಸಿಗುತ್ತದೆ, ಒಂದು ತರಿಸಿ. ಇಷ್ಟೆಲ್ಲ ಆದ ಮೇಲೆ, ರಾತ್ರಿ ಊಟ ಮುಗಿಸಿ ಒಂದು ಸುತ್ತು ಕೆಳಗೆ ಹೋಗಿ ನಿಮ್ಮ ಗೇಟಿನ ಗಾರ್ಡ್ ಕೋಣೆಯೊಳಗೆ ಇಣುಕಿ ನೋಡಿ. ಮೂಲೆಯಲ್ಲಿ ಮಸಿ ಹಿಡಿದ ಡಬ್ಬಿ ಕಂಡರೆ, ಮುಂದಿನ ಸಭೆಯವರೆಗೆ ಕಾಯಬೇಡಿ.