ನಾವು ಓದಿದ ಚರಿತ್ರೆಗಳೂ ಕೇಳದೆಹೋದ ಒಂದು ಚರಿತ್ರೆಯೂ

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ನಾವು ಓದಿದ ಪುಸ್ತಕಗಳ ವಿಷಯವಾಗಿ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕಿಯರು ಅಪ್ಪಣೆ ಮಾಡಿದ್ದಾರೆ. ನಾವೆಂದರೆ ೧೯೬೬ನೆಯ ಇಸವಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ಬೋರ್ಡಿಂಗಿನಲ್ಲಿ ಉಂಡು ಬೆಳೆದ ನಾಲ್ವರು. ಸಂಸಾರ ಉದ್ಯೋಗಗಳ ಭಾರವಿಳಿದ ಮೇಲೆ, ಈಗ ಹತ್ತು ವರ್ಷಗಳಿಂದ, ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಕಲೆತು ದೇಶಚರಿತ್ರೆಯನ್ನೂ ಜನಜೀವನವನ್ನೂ ಕುರಿತ ಗ್ರಂಥಗಳನ್ನು ಓದುತ್ತ ಬಂದಿದ್ದೇವೆ. ಕಥೆ ಕಾದಂಬರಿಗಳಿರಲು ಇಂಥ ಒಣ ಪುಸ್ತಕಗಳೇಕೆಂದು ಮೊಮ್ಮಕ್ಕಳು ನಗುವುದುಂಟು. ಅವರಿಗೆ ಉತ್ತರವಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ. ಇದರಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯೂ ಸೇರಿದೆ.

ಈ ಅಭಿರುಚಿಗೆ ಬೀಜ ಬಿದ್ದುದು ಪಾಠಶಾಲೆಯಲ್ಲಿಯೇ. ನಮ್ಮಲ್ಲೊಬ್ಬಳಿಗೆ ಬಹುಮಾನವಾಗಿ ಜವಾಹರಲಾಲ್ ನೆಹರೂರವರ ‘ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ’ ಎಂಬ ದಪ್ಪ ಪುಸ್ತಕ ದೊರೆತಿತ್ತು. ೧೯೩೦ರಿಂದ ೧೯೩೩ರ ವರೆಗೆ, ಬಹುಮಟ್ಟಿಗೆ ಸೆರೆಮನೆಗಳಿಂದ, ಅವರು ತಮ್ಮ ಮಗಳು ಇಂದಿರೆಗೆ ಬರೆದ ಪತ್ರಗಳು ೧೯೩೪ರಲ್ಲಿ ಗ್ರಂಥರೂಪವನ್ನು ತಾಳಿದುವು. ಮೊದಲನೆಯ ಪತ್ರವು ಆಕೆಯ ಹದಿಮೂರನೆಯ ಹುಟ್ಟುಹಬ್ಬದ ಕಾಣಿಕೆ. ನಮಗೂ ಆಗ ಹದಿಮೂರು ಹದಿನಾಲ್ಕರ ಪ್ರಾಯ. ಇಷ್ಟು ದೊಡ್ಡ ಪ್ರಪಂಚದ ವೃತ್ತಾಂತವು ಒಬ್ಬ ಹುಡುಗಿಗೆ ತಿಳಿದಿರಬೇಕೆಂದು ಒಬ್ಬ ತಂದೆ ಬಗೆದನಲ್ಲಾ ಎಂಬುದೇ ನಮಗೆ ಹೆಮ್ಮೆಯ ಸಂಗತಿಯಾಗಿತ್ತು.

ಬೋರ್ಡಿಂಗಿನಲ್ಲಿ ರಾತ್ರಿ ಒಂಬತ್ತಕ್ಕೆ ದೀಪಗಳು ಆರುತ್ತಿದ್ದುವು. ಅಡಿಗೆಮನೆಯ ದೀಪವೊಂದು ಮಾತ್ರ ಉರಿಯುತ್ತಿತ್ತು. ಅಲ್ಲಿ ಅಡಿಗೆಯ ದೊಡ್ಡಮ್ಮ ಮರುದಿನದ ಅಕ್ಕಿಯನ್ನು ಮೊರದಲ್ಲಿ ಹರಡಿಕೊಂಡು ಕಲ್ಲು ಆರಿಸುತ್ತ ಕುಳಿತಿರುತ್ತಿದ್ದಳು. ನಾವು ಸದ್ದಿಲ್ಲದೆ ಹೋಗಿ ಆಕೆಯ ಪಕ್ಕದಲ್ಲಿ ಕುಳಿತು ಆ ಪುಸ್ತಕವನ್ನು ಓದುತ್ತಿದ್ದೆವು. ಆಕೆ ಯಾರಿಗೂ ಹೇಳುತ್ತಿರಲಿಲ್ಲ. ಒಂದು ರಾತ್ರಿ ಆಕೆ ಕೈಕೆಲಸವನ್ನು ನಿಲ್ಲಿಸಿ, “ಏನವ್ವಾ, ಅಷ್ಟು ದಪ್ಪ ಪುಸ್ತಕದಾಗೆ ನಮ್ಮೂರಿಗೆ ಬಂದ ಜ್ವರದ ಸುದ್ದಿ ಐತಾ? ನಾನಾಗ ಹತ್ತು ಹನ್ನೆರಡು ವರ್ಷದೋಳು. ಒಂದೇ ವಾರದಾಗೆ ನಮ್ಮ ಮನೆ ಖಾಲಿಯಾಯ್ತು” ಎಂದಳು.

ನಾವು ಪುಟ ತಿರುವಿಯೂ ನೋಡಲಿಲ್ಲ. “ಇದು ಪ್ರಪಂಚದ ಚರಿತ್ರೆ ದೊಡ್ಡಮ್ಮ, ನಿಮ್ಮೂರಿನದಲ್ಲ” ಎಂದು ಹೇಳಿ ನಕ್ಕೆವು. ಆಕೆಯೂ ನಕ್ಕು ಮೊರವನ್ನು ಎತ್ತಿಕೊಂಡಳು. ಮುಂದೆಂದೂ ಆ ಮಾತನ್ನು ಎತ್ತಲಿಲ್ಲ.

ವರ್ಷಗಳು ಕಳೆದುವು, ನಾವು ಅದನ್ನು ಮರೆತೆವು. ವೃದ್ಧಾಪ್ಯದಲ್ಲಿ ಮರಳಿ ಓದಲಾರಂಭಿಸಿದಾಗ ಮೊದಲು ಕೈಗೆತ್ತಿಕೊಂಡುದು ಫ್ರಾನ್ಸಿಸ್ ಬುಕಾನನ್ನನ ಪ್ರವಾಸಗ್ರಂಥವನ್ನು. ಟಿಪ್ಪು ಸುಲ್ತಾನನ ಪತನಾನಂತರ, ೧೮೦೦-೧೮೦೧ರಲ್ಲಿ, ಕಂಪನಿ ಸರಕಾರದ ಆಜ್ಞೆಯಂತೆ ಆತನು ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸೀಮೆಗಳನ್ನು ಸುತ್ತಿದನು. ಗ್ರಂಥವು ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ರಾಗಿಯ ಬಿತ್ತನೆ, ಕೆರೆಯ ನೀರು, ಕಬ್ಬಿಣದ ಕುಲುಮೆ, ನೇಯಿಗೆಯವರ ಮಗ್ಗ ಇವೆಲ್ಲವನ್ನೂ ಆತನು ಲೆಕ್ಕಸಮೇತ ಬರೆದಿಟ್ಟಿದ್ದಾನೆ. ವಾರದ ಸಂತೆಯಲ್ಲಿ ನೂಲು ಮಾರುವ ಹೆಂಗಸರೂ ಅಲ್ಲಿ ಕಾಣಿಸಿಕೊಳ್ಳುತ್ತಾರೆ. ಆದರೆ ಆಳುವವರಿಗೆ ಬೇಕಾದ ವಿವರಗಳಿಗಾಗಿ ಬರೆದ ಗ್ರಂಥವಾದುದರಿಂದ, ಆ ಹೆಂಗಸರ ಹೆಸರಾಗಲಿ ಮಾತಾಗಲಿ ನಮಗೆ ದೊರೆಯಲಿಲ್ಲ.

ಆ ಮಾತು ದೊರೆತುದು ಬಂಗಾಳದ ರಾಸಸುಂದರೀ ದೇವಿಯ ‘ಆಮಾರ್ ಜೀಬನ್’ ಎಂಬ ಆತ್ಮವೃತ್ತಾಂತದಲ್ಲಿ. ೧೮೭೬ರಲ್ಲಿ ಪ್ರಕಟವಾದ ಈ ಪುಸ್ತಕವನ್ನು ನಾವು ಇಂಗ್ಲಿಷ್ ಅನುವಾದದಲ್ಲಿ ಓದಿದೆವು. ಹೆಣ್ಣು ಓದು ಕಲಿತರೆ ವಿಧವೆಯಾಗುವಳೆಂದು ಜನ ನಂಬಿದ್ದ ಕಾಲ ಅದು. ಈ ಗೃಹಿಣಿಯು ಚೈತನ್ಯ ಭಾಗವತದ ಒಂದು ಹಾಳೆಯನ್ನೂ ಮಗನು ಅಕ್ಷರ ತಿದ್ದಿದ್ದ ಒಂದು ತಾಳೆಯೋಲೆಯನ್ನೂ ತೆಗೆದು ಅಡಿಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಒಂದೊಂದೇ ಅಕ್ಷರವನ್ನು ಹೋಲಿಸಿನೋಡುತ್ತ, ಗುರುವಿಲ್ಲದೆ ಓದು ಕಲಿತಳು. ಅಡಿಗೆಮನೆಯ ಈ ಪ್ರಸಂಗ ಬಂದೊಡನೆ, ಗಟ್ಟಿಯಾಗಿ ಓದುತ್ತಿದ್ದವಳ ಧ್ವನಿ ನಿಂತಿತು. ನಾಲ್ವರಿಗೂ ಒಮ್ಮೆಲೇ ದೊಡ್ಡಮ್ಮನ ನೆನಪಾಯಿತು.

ಅನಂತರ ಓದಿದುದು ನಮ್ಮ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’. ೧೯೪೮ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ, ಪಟೇಲರ ಎತ್ತಿನ ಮನೆಯಲ್ಲಿ ಬಿಡಾರ ಮಾಡಿಕೊಂಡು, ಅಲ್ಲಿಯ ಜನರನ್ನು ವಿಚಾರಿಸಿ ಟಿಪ್ಪಣಿಗಳನ್ನು ಬರೆದರು. ಪುಸ್ತಕದಲ್ಲಿ ಆ ಊರಿಗೆ ರಾಂಪುರವೆಂದು ಹೆಸರಿಟ್ಟಿದ್ದಾರೆ. ೧೯೭೦ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಹಚ್ಚಿದ ಬೆಂಕಿಯಲ್ಲಿ, ವರ್ಷಗಟ್ಟಲೆ ಶ್ರಮಿಸಿ ಅಣಿಗೊಳಿಸಿದ್ದ ಆ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದುವು. ಅವರು ಎದೆಗುಂದದೆ ನೆನಪಿನ ಬಲದಿಂದಲೇ ಗ್ರಂಥವನ್ನು ರಚಿಸಿದರು. ಅದು ೧೯೭೬ರಲ್ಲಿ ಪ್ರಕಟವಾಯಿತು. ಇದನ್ನು ಓದಿ ನಮಗೆ ಸಂತೋಷವೂ ನಾಚಿಕೆಯೂ ಉಂಟಾದುವು. ಅವರು ಮೊದಲೇ ಕೇಳಿದ್ದುದರಿಂದ ಅವರಿಗೆ ನೆನೆಯುವುದಕ್ಕೆ ಇತ್ತು. ನಾವಾದರೋ ಐದು ವರ್ಷ ದೊಡ್ಡಮ್ಮನ ಕೈಯ ಅನ್ನ ಉಂಡೂ ಆಕೆಯ ಊರು ಯಾವುದೆಂದು ಕೇಳಿರಲಿಲ್ಲ.

ಕಡೆಯದಾಗಿ ಊರ್ವಶಿ ಬುಟಾಲಿಯಾ ೧೯೯೮ರಲ್ಲಿ ಪ್ರಕಟಿಸಿದ ‘ದಿ ಅದರ್ ಸೈಡ್ ಆಫ್ ಸೈಲೆನ್ಸ್’ ಎಂಬ ಗ್ರಂಥವನ್ನು ಹೇಳಬೇಕು. ೧೯೪೭ರ ದೇಶವಿಭಜನೆಯ ಕಾಲದಲ್ಲಿ ಸುಮಾರು ೭೫,೦೦೦ ಸ್ತ್ರೀಯರು ಅಪಹರಣಕ್ಕೂ ಅತ್ಯಾಚಾರಕ್ಕೂ ಗುರಿಯಾದರೆಂದು ಅಂದಾಜು. ಈ ಲೇಖಕಿ ಲಾಹೋರಿನಲ್ಲಿಯೇ ಉಳಿದುಬಿಟ್ಟ ತನ್ನ ಸೋದರಮಾವನ ಕಥೆಯಿಂದ ಆರಂಭಿಸಿ, ಅನುಭವಿಸಿದವರ ಬಳಿ ಕುಳಿತು ಅವರ ಮಾತುಗಳನ್ನು ಕೇಳಿ ಬರೆದಿದ್ದಾಳೆ. ದಶಕಗಳ ಕಾಲ ಬಾಯಿಬಿಡದವರು, ಕೇಳುವವರು ಬಂದಾಗ ಮಾತನಾಡಿದರು.

ಆ ದಿನ ನಾವು ದೊಡ್ಡಮ್ಮನ ವಯಸ್ಸನ್ನು ಲೆಕ್ಕಹಾಕಿ ನೋಡಿದೆವು. ೧೯೬೬ರಲ್ಲಿ ಆಕೆಗೆ ಅರವತ್ತರ ಸಮೀಪ. ಹಾಗಾದರೆ ಆಕೆ ಹೇಳಿದ ಜ್ವರವು ೧೯೧೮ರ ಇನ್‌ಫ್ಲುಯೆಂಜಾ ಇರಬೇಕು. ಅದು ಭೂಮಂಡಲವನ್ನೆಲ್ಲ ವ್ಯಾಪಿಸಿ, ಹಿಂದೂದೇಶವೊಂದರಲ್ಲಿಯೇ ಕೋಟಿಗೆ ಮಿಕ್ಕಿ ಜನರನ್ನು ಬಲಿತೆಗೆದುಕೊಂಡ ವ್ಯಾಧಿ. ಪ್ರಪಂಚದ ಚರಿತ್ರೆ ಬೇರೆ, ಆಕೆಯ ಊರಿನ ಚರಿತ್ರೆ ಬೇರೆ ಎಂದು ನಾವು ನಕ್ಕಿದ್ದೆವು. ಎರಡೂ ಒಂದೇ ಆಗಿದ್ದುವು. ಅದನ್ನು ಕಣ್ಣಾರೆ ಕಂಡವಳು ನಮ್ಮ ಪಕ್ಕದಲ್ಲಿಯೇ ಅಕ್ಕಿ ಆರಿಸುತ್ತಿದ್ದಳು.

ಕಳೆದ ವರ್ಷ ನಾವು ಪಾಠಶಾಲೆಗೆ ಹೋಗಿ ಹಳೆಯ ಸಂಬಳದ ಪುಸ್ತಕವನ್ನು ತೋರಿಸಬೇಕೆಂದು ಬೇಡಿದೆವು. ಕಚೇರಿಯವರು ದಯಮಾಡಿ ಹುಡುಕಿಕೊಟ್ಟರು. ಅದರಲ್ಲಿ ‘ಅಡಿಗೆಯವಳು’ ಎಂದು ಬರೆದಿತ್ತು. ಪ್ರತಿ ತಿಂಗಳೂ ಅದರ ಎದುರಿಗೆ ಒಂದು ಹೆಬ್ಬೆಟ್ಟಿನ ಗುರುತು. ನಾಲ್ವರೂ ಓದುಬರಹ ಕಲಿತವರು. ಆಕೆಯ ಹೆಸರನ್ನು ಎಲ್ಲಿಯೂ ಬರೆದಿಡಲಿಲ್ಲ.

ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಹೆಣ್ಣುಮಕ್ಕಳ ಕೈಗೆ ಚರಿತ್ರೆಯ ಪುಸ್ತಕಗಳನ್ನು ಧಾರಾಳವಾಗಿ ಕೊಡಿರಿ, ಅವನ್ನು ಓದಿ ಮುಗಿಸಿದ ದಿನವೇ ಮನೆಯ ಹಿರಿಯರಲ್ಲಿಗೂ ಮನೆಯಲ್ಲಿ ದುಡಿಯುವವರಲ್ಲಿಗೂ ಅವರನ್ನು ಕಳುಹಿಸಿ, ಹೆಸರು, ಊರು, ಕಂಡದ್ದು, ಕೇಳಿದ್ದು ಇವನ್ನು ಒಂದು ನೋಟುಪುಸ್ತಕದಲ್ಲಿ ಬರೆಯಿಸಿರಿ.

ಇನ್ನು ಸಹೋದರಿಯರಲ್ಲಿ ಒಂದು ಬಿನ್ನಹ. ನಮ್ಮ ಕಾಲದಲ್ಲಿ ಬೋರ್ಡಿಂಗಿನಲ್ಲಿದ್ದವರ ಪೈಕಿ ದೊಡ್ಡಮ್ಮನ ನಿಜವಾದ ಹೆಸರನ್ನಾಗಲಿ ಊರನ್ನಾಗಲಿ ಬಲ್ಲವರು ಯಾರಾದರೂ ಇದ್ದರೆ, ದಯವಿಟ್ಟು ಈ ಸಂಚಿಕೆಯ ಸಂಪಾದಕಿಯರಿಗೆ ಒಂದು ಸಾಲು ಬರೆದು ತಿಳಿಸಬೇಕಾಗಿ ಬೇಡುತ್ತೇವೆ.