ಬಹಳ ಎಂದರೆ ಎಷ್ಟು?

ರಾಣೆಬೆನ್ನೂರಿನಲ್ಲಿ ಬಿ.ಎಸ್ಸಿ. ಓದುತ್ತಿರುವ ನಮ್ಮ ಮಗಳು, ಬೇಸಿಗೆಯ ರಜೆಯಲ್ಲಿ ಬೆಳಗಾವಿಯ ವೈದ್ಯಕೀಯ ಸಂಶೋಧನಾ ಘಟಕವೊಂದಕ್ಕೆ ಎರಡು ತಿಂಗಳ ತರಬೇತಿಗೆ ಹೋಗುವೆನೆಂದಾಗ ಬ್ಯಾಡಗಿಯ ನಮ್ಮ ಮನೆಯಲ್ಲಿ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಡಾಕ್ಟರಾಗುವವಳಲ್ಲ, ನರ್ಸೂ ಅಲ್ಲ. ಹೆರಿಗೆಯ ಲೆಕ್ಕ ಬರೆಯಲು ಅಷ್ಟು ದೂರ ಹೋಗಬೇಕೆ ಎಂದು ಕೇಳಿದವರು ನಾವೇ. "ಹೋಗ್ಲಿ ಬಿಡಪಾ" ಎಂದವರು ನಮ್ಮ ತಾಯಿಯವರು. ಅವರ ಅಕ್ಕ 1961ರಲ್ಲಿ, ಈ ಊರು ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದಾಗ, ಹೆರಿಗೆಯಾದ ರಾತ್ರಿಯೇ ತೀರಿಕೊಂಡರು. "ರಕ್ತ ಬಾಳ ಹೋತು" ಎಂಬುದಷ್ಟೇ ನಾವು ಕೇಳುತ್ತ ಬಂದ ಮಾತು. ಹಾವೇರಿಯವರೆಗೆ ಹೋಗಿ ಮಗಳನ್ನು ಬೆಳಗಾವಿಯ ಬಸ್ಸು ಹತ್ತಿಸಿ ಬಂದೆವು.

ಅಲ್ಲಿ ಅವಳು ಮೊದಲು ಓದಿದ್ದು ಹಳೆಯ ಅಧ್ಯಯನವೊಂದರ ವೃತ್ತಾಂತವನ್ನು. 1916ರಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆಯನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಅದರ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡಗೂಡಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1620 ತಾಯಂದಿರಲ್ಲಿ ಒಂದು ಪ್ರಯೋಗ ನಡೆಸಿದರು. ಕೂಸು ಹುಟ್ಟಿದೊಡನೆ ಅರ್ಧದಷ್ಟು ಜನರಿಗೆ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದೆಂದು ಕೊಡುವ ಆರೋಗ್ಯ ಸಹಾಯಕಿಗೂ ತಿಳಿಯದು. ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಕಡಿಮೆಯೇ ಕಾಣುವುದರಿಂದ, ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಚೀಲವನ್ನು ಬಾಣಂತಿಯ ಕೆಳಗೆ ಹಾಸಿ ಅಳೆದರು. 500 ಮಿ.ಲೀ. ಮುಟ್ಟಿದರೆ ಅದು ಅತಿಸ್ರಾವ. ಗುಳಿಗೆಯಿಂದ ಅದು ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅತಿಸ್ರಾವ ತಡೆಯುವ ಈ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮಗಳ ಪಾಲಿನ ಕೆಲಸ ಸಣ್ಣದು: ದಾಖಲೆಗಳ ಅಂಕಿ ತಾಳೆ ನೋಡುವುದು, ಹಿರಿಯ ದಾದಿಯೊಡನೆ ಹೋಗಿ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳುವುದು. ಒಂದು ಮನೆಯಲ್ಲಿ ಸೊಸೆಯ ಬದಲು ಅತ್ತೆಯೇ ಹೆಬ್ಬೆಟ್ಟೊತ್ತಲು ಮುಂದಾದರಂತೆ. ದಾದಿ ಕಾಗದವನ್ನು ಹಿಂದಕ್ಕೆಳೆದುಕೊಂಡು, "ಆಕೀನ್ನ ಕೇಳಬೇಕ್ರೀ" ಎಂದರಂತೆ. ಸೊಸೆ ಒಲ್ಲೆನೆಂದಳು. ಹೆಸರು ಬರೆಯದೆ ಎದ್ದು ಬಂದರು. ಮಗಳ ಪತ್ರಗಳಲ್ಲೆಲ್ಲ ನಮಗೆ ಮೆಚ್ಚಾದ ಸಂಗತಿ ಇದು.

ಊರಿಗೆ ಬಂದ ಸಂಜೆ ಅವಳು ಅರ್ಧ ಲೀಟರು ನೀರನ್ನು ಅಳೆದು ತಂಬಿಗೆಗೆ ಸುರಿದು, ಅಜ್ಜಿಯ ಮುಂದಿಟ್ಟು, ಇಷ್ಟು ಹೋದರೇ ಅಪಾಯವೆಂದಳು. ನಮ್ಮ ತಾಯಿಯವರು ಅದನ್ನೇ ದಿಟ್ಟಿಸುತ್ತ ಕುಳಿತರು.

"ಇಷ್ಟಲ್ಲವಾ ತಂಗೀ. ನಾಕು ಕೌದಿ ತೊಯ್ದಿದ್ವು. ಮುಂಜಾನೆ ಕೆರಿಗೆ ಒಯ್ದು ಒಗದಾಕಿ ನಾನ."

ಆಗ ಅವರಿಗೆ ಹನ್ನೆರಡು ವರ್ಷ. ಈ ಮಾತನ್ನು ನಾವೂ ಕೇಳಿದ್ದು ಅಂದೇ.